ಡ್ಯೂಸನ್‌ಬರ್ಗ್ ಕಾರು ನೋಡಲು ಆಬರ್ನ್‌ಗೆ ಹೊರಟಿದ್ದೀರಾ? ರೂಮ್ ಮಾತ್ರ ಆ ಊರಲ್ಲಿ ಮಾಡಬೇಡಿ

ಒಂದು ರಾತ್ರಿಗೆ 289 ಡಾಲರ್. ತೆರಿಗೆ ಬೇರೆ. ಇಂಡಿಯಾನಾದ ಆಬರ್ನ್ ಊರಿನಲ್ಲಿ ಹೈವೇ ಪಕ್ಕದ ಸಾದಾ ಮೋಟೆಲ್ ಒಂದಕ್ಕೆ ನಾವು ಕೊಟ್ಟ ದುಡ್ಡು ಇದು. ಕಿಟಕಿ ಕೆಳಗಿನ ಏಸಿ ರಾತ್ರಿಯಿಡೀ ಹಿಟ್ಟಿನ ಗಿರಣಿ ಥರ ಸದ್ದು ಮಾಡಿತು. ಬೆಳಗಿನ ತಿಂಡಿ ಇದೆ ಅಂದಿದ್ದರು, ಹೋಗಿ ನೋಡಿದರೆ ತಣ್ಣಗಿನ ಬ್ರೆಡ್ಡು ಮತ್ತು ಖಾಲಿಯಾದ ಹಾಲಿನ ಡಬ್ಬ. ಇದೇ ರೂಮಿಗೆ ಮುಂದಿನ ವಾರ ಎಷ್ಟು ಅಂತ ಕೌಂಟರಿನ ಹುಡುಗನನ್ನು ಕೇಳಿದೆ. 79 ಅಂದ. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಕಾರಣ ಇಷ್ಟೇ, ನಾವು ಹೋಗಿದ್ದು ಲೇಬರ್ ಡೇ ವಾರಾಂತ್ಯಕ್ಕೆ, ಅಂದರೆ ಸೆಪ್ಟೆಂಬರಿನ ಮೊದಲ ಸೋಮವಾರದ ರಜೆಗೆ. ಆಬರ್ನ್ ಸುಮಾರು 13 ಸಾವಿರ ಜನರ ಊರು. 1956ರಿಂದ ಆಬರ್ನ್, ಕಾರ್ಡ್, ಡ್ಯೂಸನ್‌ಬರ್ಗ್ ಅನ್ನುವ ಹಳೇ ಅಮೆರಿಕನ್ ಕಾರುಗಳ ಮಾಲೀಕರು ವರ್ಷಕ್ಕೊಮ್ಮೆ ಇಲ್ಲಿ ಸೇರುತ್ತಾರೆ. ಈಗ ಅದು ಲೇಬರ್ ಡೇ ವಾರಾಂತ್ಯದ ದೊಡ್ಡ ಜಾತ್ರೆಯೇ ಆಗಿದೆ. ನಮ್ಮವರಲ್ಲಿ ತುಂಬಾ ಜನ ಲೇಬರ್ ಡೇಗೆ ಅಮೆರಿಕದ ಕನ್ನಡಿಗರ ‘ಅಕ್ಕ’ ಇಲ್ಲವೇ ‘ನಾವಿಕ’ ಸಮ್ಮೇಳನಕ್ಕೆ ಹೋಗುತ್ತಾರಲ್ವಾ, ಅಲ್ಲಿನ ಊಟದ ಸಾಲು ಕಂಡವರಿಗೆ ಇಲ್ಲಿಯ ಜನ ಜಾಸ್ತಿ ಅನ್ನಿಸಲಿಕ್ಕಿಲ್ಲ. ನನಗೆ ಎರಡೂ ಆಗಿಬರುವುದಿಲ್ಲ. ಮುಂದಿನದನ್ನು ಅದನ್ನು ತಿಳಿದೇ ಓದಿ.

ರೂಮಿನ ಉಪಾಯ ಸುಲಭ. ದಕ್ಷಿಣಕ್ಕೆ ಅರ್ಧ ಗಂಟೆ ದೂರದಲ್ಲಿ ಫೋರ್ಟ್ ವೇನ್ ಇದೆ. ಐ-69 ಹಿಡಿದರೆ ನೇರ ರಸ್ತೆ. ಅಲ್ಲೇ ಉಳಿದುಕೊಳ್ಳಿ. ನಾವು ಎರಡನೇ ರಾತ್ರಿಗೆ ಅಲ್ಲಿಗೇ ಹೋದೆವು. ಅರ್ಧಕ್ಕಿಂತ ಕಡಿಮೆ ದುಡ್ಡು, ಸದ್ದಿಲ್ಲದ ಏಸಿ.

ನಮ್ಮ ಮಾವ ತಿಪಟೂರಿನಲ್ಲಿ ಲಾರಿ ಗ್ಯಾರೇಜ್ ನಡೆಸಿದವರು. ಮಗಳ ಮನೆಗೆ ಅಂತ ಶಿಕಾಗೋಗೆ ಬಂದಿದ್ದರು. ನಯಾಗರ ಬೇಡ, ನ್ಯೂಯಾರ್ಕ್ ಬೇಡ, ಹಳೇ ಕಾರು ಇದ್ದರೆ ತೋರಿಸಿ ಅಂದರು. ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಎಷ್ಟು ಸಲ ಹೋಗಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅಂಥವರನ್ನು ಕರೆದುಕೊಂಡು ಹೋಗಬೇಕಾದ ಜಾಗ ಅಂದರೆ ಆಬರ್ನ್ ಕಾರ್ಡ್ ಡ್ಯೂಸನ್‌ಬರ್ಗ್ ಮ್ಯೂಸಿಯಂ.

ಅದು ಮ್ಯೂಸಿಯಂಗಾಗಿ ಕಟ್ಟಿದ ಕಟ್ಟಡವಲ್ಲ. ಆಬರ್ನ್ ಕಾರ್ ಕಂಪನಿಯ ಮುಖ್ಯ ಕಚೇರಿ, 1930ರದ್ದು. ಕೆಳಗಿನ ಹಾಲ್ ಆಗಿನ ಶೋರೂಮ್. ನೆಲದ ಚಿತ್ತಾರ, ಮೇಲೆ ತೂಗುವ ದೀಪಗಳು, ಅಗಲವಾದ ಮೆಟ್ಟಿಲು, ಎಲ್ಲಾ ಆ ಕಾಲದ್ದೇ ಧಾಟಿ. ಬೇರೆ ಕಡೆ ಹಳೇ ಕಾರನ್ನು ಗೋದಾಮಿನಲ್ಲಿ ನಿಲ್ಲಿಸಿ ಹಗ್ಗ ಕಟ್ಟಿರುತ್ತಾರೆ. ಇಲ್ಲಿ ಕಾರು ಮಾರಾಟಕ್ಕೇ ನಿಂತ ಹಾಗೆ ಕಾಣುತ್ತದೆ. ಬಹಳ ಜನ ಕೆಳಗಿನ ಹಾಲ್ ನೋಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ಮೇಲಿನ ಮಹಡಿ ಬಿಡಬೇಡಿ. ಕಾರುಗಳ ವಿನ್ಯಾಸ ನಡೆಯುತ್ತಿದ್ದ ಕೋಣೆಗಳು ಅಲ್ಲಿವೆ. ದೀಪಗಳನ್ನು ಮುಂದಿನ ಮಡ್‌ಗಾರ್ಡ್ ಒಳಗೆ ಅಡಗಿಸಿಟ್ಟ 1936ರ ಕಾರ್ಡ್ 810 ಕಾರಿನ ರೂಪ ಕೊಟ್ಟ ಗಾರ್ಡನ್ ಬ್ಯೂರಿಗ್ ಇದೇ ಕಂಪನಿಯವರು.

ಒಂದು ತಪ್ಪು ತಿಳಿವಳಿಕೆ ಎಲ್ಲರಿಗೂ ಇದೆ. ಡ್ಯೂಸನ್‌ಬರ್ಗ್ ತಯಾರಾಗಿದ್ದು ಆಬರ್ನ್‌ನಲ್ಲಿ ಅಲ್ಲ, ಇಂಡಿಯಾನಾಪೊಲಿಸ್‌ನಲ್ಲಿ. ಆಬರ್ನ್ ಕಂಪನಿ ನಡೆಸುತ್ತಿದ್ದ ಇ. ಎಲ್. ಕಾರ್ಡ್ 1926ರಲ್ಲಿ ಡ್ಯೂಸನ್‌ಬರ್ಗ್ ಅಣ್ಣತಮ್ಮಂದಿರ ಕಂಪನಿ ಕೊಂಡರು. ಅಮೆರಿಕದಲ್ಲೇ ಎಲ್ಲಕ್ಕಿಂತ ದೊಡ್ಡ ಕಾರು ಮಾಡು ಅಂತ ಫ್ರೆಡ್ ಡ್ಯೂಸನ್‌ಬರ್ಗ್‌ಗೆ ಹೇಳಿದರು. 1928ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಾಡೆಲ್ ಜೆ ಹೊರಗೆ ಬಂತು. ಸಾಲಾಗಿ ಎಂಟು ಸಿಲಿಂಡರ್, ಮೇಲೆ ವಾಲ್ವ್ ತೆರೆಸುವ ಎರಡು ಕ್ಯಾಮ್‌ಶಾಫ್ಟ್, ಸಿಲಿಂಡರಿಗೆ ನಾಲ್ಕು ವಾಲ್ವ್, ಸುಮಾರು 6.9 ಲೀಟರಿನ ಎಂಜಿನ್. ಕಂಪನಿ ಹೇಳಿಕೊಂಡದ್ದು 265 ಕುದುರೆ ಶಕ್ತಿ. ಅದೇ ಕಾಲದ ಫೋರ್ಡ್ ಮಾಡೆಲ್ ಎಗೆ ಇದ್ದದ್ದು 40. ಷಾಸಿಗೆ, ಅಂದರೆ ಎಂಜಿನ್, ಚಕ್ರ ಕೂಡಿದ ಅಡಿಗಟ್ಟಿಗೆ ಮಾತ್ರ 8,500 ಡಾಲರ್. ಬಾಡಿ ಬೇರೆ ಕಡೆ ಕಟ್ಟಿಸಬೇಕು, ಅದರ ದುಡ್ಡು ಬೇರೆ. ಮಾವನಿಗೆ ಇದು ತಕ್ಷಣ ಅರ್ಥವಾಯಿತು. "ನಮ್ಮ ಲಾರಿ ಲೆಕ್ಕಾನೇ, ಅಳಿಯಂದ್ರೇ. ಷಾಸಿ ಕಂಪನಿದು, ಬಾಡಿ ನಮ್ದು" ಅಂದರು. ಮರ್ಫಿ, ರೋಲ್‌ಸ್ಟನ್, ಲಬ್ಯಾರನ್ ಅಂತ ಕಾರಿನ ಪಕ್ಕದ ಫಲಕಗಳಲ್ಲಿ ಕಾಣುವ ಹೆಸರುಗಳು ಬಾಡಿ ಕಟ್ಟಿದವರದ್ದು. ನಮ್ಮ ಇಂದೋರಿನ ಹೋಳ್ಕರ್ ಮಹಾರಾಜರ ಡ್ಯೂಸನ್‌ಬರ್ಗ್‌ಗೆ ಬಾಡಿ ಕಟ್ಟಿದ್ದು ಲಂಡನ್ನಿನ ಗರ್ನಿ ನಟಿಂಗ್.

ಡ್ಯಾಶ್‌ಬೋರ್ಡ್ ಹತ್ತಿರ ಐದು ನಿಮಿಷ ನಿಲ್ಲಿ. ಗಡಿಯಾರ, ಎತ್ತರ ತೋರಿಸುವ ಮೀಟರ್, ಬ್ರೇಕ್ ಒತ್ತಡದ ಮೀಟರ್ ಇವೆ. ಅದಕ್ಕಿಂತ ಹೆಚ್ಚಿನದು ಚಿಕ್ಕ ದೀಪಗಳು. 700 ಮೈಲಿಗೊಮ್ಮೆ ಎಂಜಿನ್ ಆಯಿಲ್ ಬದಲಿಸು ಅಂತ ಒಂದು ಹತ್ತುತ್ತದೆ, 1,400 ಮೈಲಿಗೊಮ್ಮೆ ಬ್ಯಾಟರಿಯ ನೀರು ನೋಡು ಅಂತ ಇನ್ನೊಂದು. ಷಾಸಿಯ ಕೀಲುಗಳಿಗೆ ಗಾಡಿ ಓಡುತ್ತಿರುವಾಗಲೇ ತಾನಾಗಿ ಎಣ್ಣೆ ಹಾಕುವ ಪಂಪ್ ಕೂಡ ಇದೆ. ಗ್ರೀಸ್ ಗನ್ ಹಿಡಿದು ಲಾರಿ ಕೆಳಗೆ ಮಲಗಿ ಆಯುಷ್ಯ ಕಳೆದ ಮಾವ ಆ ಪಂಪಿನ ವಿವರ ಕೇಳಿದ್ದೇ ಕೇಳಿದ್ದು. ಅಲ್ಲಿಯ ಸ್ವಯಂಸೇವಕರು ನಿವೃತ್ತ ಅಜ್ಜಂದಿರು. ಅವರ ಇಂಗ್ಲಿಷು, ಇವರ ಕನ್ನಡ, ನಡುವೆ ನಾನು. ಸ್ವಲ್ಪ ಹೊತ್ತಿಗೆ ನನ್ನ ಅಗತ್ಯವೇ ಬೀಳಲಿಲ್ಲ.

ಆದರೆ ಹಬ್ಬದ ದಿನಗಳಲ್ಲಿ ಹೀಗೆ ನಿಲ್ಲಲು ಆಗುವುದಿಲ್ಲ. ಹಿಂದಿನಿಂದ ಯಾರೋ ಫೋಟೋಗೆ ಸರಿಯಿರಿ ಅನ್ನುತ್ತಾರೆ. ನಾವು ಒಳಗೆ ನಿಂತು ನೋಡಿದ್ದು ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಗಂಟೆಯಲ್ಲಿ ಮಾತ್ರ. ಕಾರನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ಹಬ್ಬ ಬಿಟ್ಟು ಬೇರೆ ಯಾವುದಾದರೂ ವಾರದ ದಿನ ಹೋಗಿ.

ಹಾಗಾದರೆ ಹಬ್ಬ ದಂಡವಾ? ಅಲ್ಲ. ಶನಿವಾರದ ಮೆರವಣಿಗೆ ಒಂದು ಇದೆ. ಅದಕ್ಕೆ ಟಿಕೆಟ್ ಇಲ್ಲ. ಇಷ್ಟು ಕಾರುಗಳು ಸ್ವಂತ ಎಂಜಿನ್ನಿನಲ್ಲಿ ಓಡುವುದನ್ನು ಬೇರೆ ದಿನ ನೋಡಲು ಸಿಗುವುದಿಲ್ಲ. ಆಮೇಲೆ ಊರ ನಡುವಿನ ಕೋರ್ಟ್ ಕಟ್ಟಡದ ಸುತ್ತ ನಿಲ್ಲಿಸುತ್ತಾರೆ, ಮಾಲೀಕರು ಬಾನೆಟ್ ಎತ್ತಿ ತೋರಿಸುತ್ತಾರೆ. ಡ್ಯೂಸನ್‌ಬರ್ಗ್ ಎಂಜಿನ್ ಎಳೆ ಹಸಿರು ಬಣ್ಣದ್ದು, ಪಕ್ಕದಲ್ಲಿ ಹೊಳೆಯುವ ಅಲ್ಯೂಮಿನಿಯಂ. ನೆರಳಿಗೆ ಛತ್ರಿ, ಮಡಚುವ ಕುರ್ಚಿ ಒಯ್ಯಿರಿ. ಮನೆ ಮುಂದಿನ ಹುಲ್ಲಿನ ಮೇಲೆ ಪಾರ್ಕಿಂಗ್ ಅಂತ 20 ಡಾಲರ್ ಕೇಳುವವರಿದ್ದಾರೆ. ಸುಮ್ನೆ ಮುಂದೆ ಹೋಗಿ, ನಾಲ್ಕು ಬೀದಿ ಆಚೆ ರಸ್ತೆ ಬದಿ ಪುಕ್ಕಟೆ ಜಾಗವಿತ್ತು.

ಅಲ್ಲಿ ನಿಂತದ್ದೆಲ್ಲಾ ಅಸಲಿ ಅಂದುಕೊಳ್ಳಬೇಡಿ. ಆಬರ್ನ್ ಸ್ಪೀಡ್‌ಸ್ಟರ್ ಅನ್ನುವ ಎರಡು ಸೀಟಿನ ಕಾರಿಗೆ ನಕಲುಗಳು ಬೇಕಾದಷ್ಟಿವೆ. ಅಸಲಿ 1935ರ 851 ಸ್ಪೀಡ್‌ಸ್ಟರ್‌ನ ಬಾನೆಟ್ ಕೆಳಗೆ ಸಾಲು ಎಂಟು ಸಿಲಿಂಡರಿನ ಲೈಕಮಿಂಗ್ ಕಂಪನಿಯ ಎಂಜಿನ್, ಜೊತೆಗೆ ಅದಕ್ಕೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್. ನಕಲಿನಲ್ಲಿ ಬಹುಪಾಲು ಫೋರ್ಡ್ ವಿ-8. ಒಬ್ಬ ಮಾಲೀಕ ಬಾನೆಟ್ ತೆಗೆಯದೆ ಇತಿಹಾಸ ಶುರು ಮಾಡಿದ, ಮಾವ ನನ್ನ ತೋಳು ಹಿಡಿದು ಮುಂದಿನ ಕಾರಿಗೆ ಎಳೆದುಕೊಂಡು ಹೋದರು.

ಡ್ಯೂಸನ್‌ಬರ್ಗ್ ವಿಷಯ ಇನ್ನೂ ಸೂಕ್ಷ್ಮ. ಒಟ್ಟು ತಯಾರಾದದ್ದೇ ಸುಮಾರು 480 ಮಾಡೆಲ್ ಜೆ. 1937ರಲ್ಲಿ ಕಂಪನಿ ಮುಚ್ಚಿತು. ಆಮೇಲಿನ ವರ್ಷಗಳಲ್ಲಿ ಒಂದರ ಬಾಡಿ ಇನ್ನೊಂದರ ಷಾಸಿಗೆ, ಒಂದರ ಎಂಜಿನ್ ಮತ್ತೊಂದಕ್ಕೆ ಹೋಗಿದ್ದು ಮಾಮೂಲು. ಅದಕ್ಕೇ ಬಲ್ಲವರು ಬಣ್ಣ ನೋಡುವುದಿಲ್ಲ, ಜೆ ಅಕ್ಷರದಿಂದ ಶುರುವಾಗುವ ಎಂಜಿನ್ ನಂಬರ್ ಕೇಳುತ್ತಾರೆ. ಮಾಲೀಕರ ಕ್ಲಬ್ಬೇ ಕಾರುಗಳನ್ನು ಪರೀಕ್ಷಿಸಿ ದರ್ಜೆ ಕೊಡುತ್ತದೆ. ಎಂಜಿನ್, ಷಾಸಿ, ಬಾಡಿ ಎಲ್ಲಾ ಮೊದಲಿನದ್ದೇ ಆದರೆ ಅದು ಒಂದನೇ ದರ್ಜೆ. ಬೆಲೆಯಲ್ಲಿ ಇದು ಕಾಣುತ್ತದೆ. ಮಾಡೆಲ್ ಜೆಯದ್ದೇ ಒಂದು ಬಗೆಯಾದ, ಎರಡೇ ತಯಾರಾದ ಎಸ್‌ಎಸ್‌ಜೆ ಪೈಕಿ ನಟ ಗ್ಯಾರಿ ಕೂಪರ್ ಓಡಿಸಿದ ಕಾರು 2018ರಲ್ಲಿ 2.2 ಕೋಟಿ ಡಾಲರಿಗೆ ಹೋಯಿತು. ಚೌಕದಲ್ಲಿ ನಮಗೆ ಜಾಸ್ತಿ ಹಿಡಿಸಿದ್ದು ಬಣ್ಣ ಮಾಸಿದ, ಸೀಟಿನ ಚರ್ಮ ಬಿರುಕು ಬಿಟ್ಟ ಒಂದು ಸೆಡಾನ್. ಕನ್ನಡಿ ಥರ ಹೊಳೆಯುವ ಕಾರುಗಳ ಸುತ್ತ ಜನ, ಇದರ ಹತ್ತಿರ ಐದಾರು ಮಂದಿ. ಅವರೆಲ್ಲಾ ಬಗ್ಗಿ ನೋಡುತ್ತಿದ್ದರು.

ಊಟಕ್ಕೆ ಫೋರ್ಟ್ ವೇನ್‌ಗೇ ಬನ್ನಿ. ಹಬ್ಬದ ಅಂಗಡಿಗಳಲ್ಲಿ ಸಸ್ಯಾಹಾರಿಗೆ ಫ್ರೆಂಚ್ ಫ್ರೈಸ್ ಬಿಟ್ಟರೆ ನಿಂಬೆ ಪಾನಕ, ಅಷ್ಟೇ. ಫೋರ್ಟ್ ವೇನ್‌ನಲ್ಲಿ ಬರ್ಮಾದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಸಾವಿರಾರು ಜನ ಇದ್ದಾರೆ. ಊರಿನ ದಕ್ಷಿಣ ಭಾಗದಲ್ಲಿ ಅವರ ದಿನಸಿ ಅಂಗಡಿಗಳಿವೆ, ಕೆಲವದರ ಹಿಂದೆ ನಾಲ್ಕೈದು ಟೇಬಲ್ಲಿನ ಹೋಟೆಲು. ನಾವು ಹೋದ ಕಡೆ ಬೇಳೆ ಮೂಟೆ ಪಕ್ಕದಲ್ಲೇ ಕೂತು ತಿಂದೆವು. ಪದರ ಪದರದ ಪಲಾಟಾ, ಥೇಟ್ ನಮ್ಮ ಪರೋಟ. ಜೊತೆಗೆ ಈರುಳ್ಳಿ ಹಾಕಿ ಬೇಯಿಸಿದ ಬಟಾಣಿ. ಸಮೋಸವನ್ನು ಕತ್ತರಿಸಿ, ಎಲೆಕೋಸು, ಪುದೀನ, ಹಸಿಮೆಣಸು ಸೇರಿಸಿ, ಮೇಲೆ ತೆಳುವಾದ ಬೇಳೆ ಸಾರು ಸುರಿದು ಕೊಡುವ ಒಂದು ಬಟ್ಟಲು. ಕಡಲೆಹಿಟ್ಟನ್ನು ಗಟ್ಟಿಯಾಗಿ ಕಾಸಿ, ಆರಿಸಿ, ಕೊಯ್ದು ಕರಿದ ತುಂಡುಗಳು, ಹುಣಸೆ ಚಟ್ನಿ ಜೊತೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಅವರ ಹಾಲಿನ ಚಹಾ ಕುಡಿದು ಮಾವ ಬಾಯಿ ಬಿಟ್ಟು ಹೊಗಳಿದರು, ಅಮೆರಿಕಕ್ಕೆ ಬಂದ ಮೇಲೆ ಮೊದಲ ಬಾರಿಗೆ. ಮೂರು ಜನಕ್ಕೆ 27 ಡಾಲರ್. ಮರುದಿನ ಮತ್ತೆ ಅಲ್ಲಿಗೇ ಹೋದೆವು. ಒಂದು ಎಚ್ಚರಿಕೆ: ಸಲಾಡ್‌ಗಳಿಗೆ ಒಣ ಸಿಗಡಿ ಪುಡಿ ಉದುರಿಸುವ ಪದ್ಧತಿ ಇದೆ, ಮೊಹಿಂಗಾ ಅನ್ನುವುದು ಮೀನಿನ ಸಾರು. ಆರ್ಡರ್ ಕೊಡುವಾಗಲೇ ಬೇಡ ಅನ್ನಿ.

ಹಬ್ಬದ ಹೊತ್ತಿಗೆ ನಡೆಯುವ ಹಳೇ ಕಾರುಗಳ ಹರಾಜಿಗೆ ನಾವು ಹೋಗಲಿಲ್ಲ. ಕೊಳ್ಳುವವರಲ್ಲ ಅಂದ ಮೇಲೆ ದುಡ್ಡು ಕೊಟ್ಟು ಮೈಕಿನ ಗದ್ದಲ ಕೇಳುವುದು ಯಾಕೆ ಅಂತ ಮಾವನೇ ಬೇಡ ಅಂದರು. ಮ್ಯೂಸಿಯಂ ಪಕ್ಕದಲ್ಲೇ ಹಳೇ ಫ್ಯಾಕ್ಟರಿ ಕಟ್ಟಡಗಳಲ್ಲಿ ಕಾರು ಮತ್ತು ಲಾರಿಗಳ ಇನ್ನೊಂದು ಮ್ಯೂಸಿಯಂ ಇದೆ. ಲಾರಿ ಇಷ್ಟ ಇದ್ದವರು ಅದಕ್ಕೂ ಸಮಯ ಇಟ್ಟುಕೊಳ್ಳಿ.

ಶಿಕಾಗೋದಿಂದ ಬರುವವರು ಗಡಿಯಾರ ನೋಡಿಕೊಳ್ಳಿ. ಆಬರ್ನ್ ಒಂದು ಗಂಟೆ ಮುಂದಿದೆ. ಎಂಟಕ್ಕೆ ಹೊರಟು ಮೂರು ಗಂಟೆ ಓಡಿಸಿದರೆ ಅಲ್ಲಿ ಮಧ್ಯಾಹ್ನ ಹನ್ನೆರಡು. ಕಾರಿಲ್ಲದವರಿಗೆ ಆರೇಳು ಮೈಲಿ ಉತ್ತರಕ್ಕೆ ವಾಟರ್‌ಲೂ ಅನ್ನುವ ಊರಲ್ಲಿ ರೈಲು ನಿಲ್ಲುತ್ತದೆ. ಆದರೆ ಶಿಕಾಗೋ ಕಡೆಯಿಂದ ರಾತ್ರಿ ಹೊರಟ ರೈಲು ಅಲ್ಲಿ ಮುಟ್ಟುವುದು ನಡುರಾತ್ರಿ ದಾಟಿದ ಮೇಲೆ. ಚಿಕ್ಕ ಊರು, ಆ ಹೊತ್ತಿನಲ್ಲಿ ಟ್ಯಾಕ್ಸಿ ನಂಬಿಕೊಂಡು ಇಳಿಯಬೇಡಿ. ಗಾಡಿಗೆ ಮೊದಲೇ ಹೇಳಿಟ್ಟಿದ್ದರೆ ಮಾತ್ರ ರೈಲು ಹತ್ತಿ.