ಗೆಟ್, ಸೆಟ್ ಬರೆದ ಮಾತ್ರಕ್ಕೆ ಫೀಲ್ಡ್ ಭದ್ರವಾಗುವುದಿಲ್ಲ

ಸಿ ಶಾರ್ಪ್ ಭಾಷೆಯ ಕೋಡ್ ರಿವ್ಯೂಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವುದು ಇದು: ಬ್ಯಾಂಕ್ ಖಾತೆಗೊಂದು ಕ್ಲಾಸ್ (ಆಬ್ಜೆಕ್ಟ್‌ಗಳ ಅಚ್ಚು), ಅದರಲ್ಲಿ ಬ್ಯಾಲೆನ್ಸ್ ಎಂಬ ಪ್ರಾಪರ್ಟಿ, ಅದಕ್ಕೆ ಗೆಟ್ (ಓದುವ ದಾರಿ) ಕೂಡ ಪಬ್ಲಿಕ್, ಸೆಟ್ (ಬರೆಯುವ ದಾರಿ) ಕೂಡ ಪಬ್ಲಿಕ್, ಅಂದರೆ ಎಲ್ಲರಿಗೂ ತೆರೆದದ್ದು. ಹೊರಗಿನ ಯಾವ ಕೋಡ್ ಬೇಕಾದರೂ ಬ್ಯಾಲೆನ್ಸ್‌ಗೆ ಮೈನಸ್ 500 ತುಂಬಬಹುದು ಎಂದಾದರೆ ಮೌಲ್ಯ ಕೂರುವ ಫೀಲ್ಡನ್ನು ಪ್ರೈವೇಟ್ ಮಾಡಿ ಸಿಕ್ಕಿದ್ದೇನು? ಮುಂದೆ ಯಾವತ್ತಾದರೂ ತಪಾಸಣೆ ಸೇರಿಸಲು ಜಾಗ, ಅಷ್ಟೇ.

ಓದುವವರಿಗೊಂದು, ಬರೆಯುವವರಿಗೊಂದು ಅನುಮತಿ ಕೊಡುವ ಸೌಲಭ್ಯ 2005ರ ಸಿ ಶಾರ್ಪ್ 2.0ರಿಂದಲೇ ಇದೆ. ಸೆಟ್ ಮುಂದೆ ಪ್ರೈವೇಟ್ ಸೇರಿಸಿದರೆ ಹೊರಗಿನವರು ಓದಬಹುದು, ಬರೆಯಲಾಗದು. ಜಮಾ, ಹಿಂಪಡೆ ಎಂಬ ಎರಡು ಮೆಥಡ್ ಬರೆದು, ಮೊತ್ತ ಸೊನ್ನೆಗಿಂತ ಹೆಚ್ಚಿದೆಯೇ, ಖಾತೆಯಲ್ಲಿ ಅಷ್ಟು ಹಣವಿದೆಯೇ ಎಂದು ಅಲ್ಲೇ ನೋಡಿ. ಆದರೆ ಪ್ರೈವೇಟ್ ಎಂದರೆ ಕ್ಲಾಸ್‌ಗೆ ಪ್ರೈವೇಟ್, ಆಬ್ಜೆಕ್ಟ್‌ಗಲ್ಲ. ಒಂದು ಖಾತೆಯ ಮೆಥಡ್ ಅದೇ ಕ್ಲಾಸ್‌ನ ಇನ್ನೊಂದು ಖಾತೆಯ ಬ್ಯಾಲೆನ್ಸನ್ನು ನೇರವಾಗಿ ತಿದ್ದಬಹುದು.

ಖಾತೆ ಸಂಖ್ಯೆಯಂತೆ ಒಮ್ಮೆ ಕೂತರೆ ಬದಲಾಗಬಾರದ ಮೌಲ್ಯಕ್ಕೆ ಸೆಟ್ಟೇ ಬೇಡ, ಬರೀ ಗೆಟ್ ಸಾಕು. ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ ತುಂಬಿದರೆ ಮುಗಿಯಿತು. ಆಬ್ಜೆಕ್ಟ್ ಸೃಷ್ಟಿಸುವಾಗ ಹೊರಗಿನವರೇ ತುಂಬಬೇಕಿದ್ದರೆ ಸೆಟ್ ಬದಲು ಬರೆಯಲು 2020ರಲ್ಲಿ ಬಂದ ಇನಿಟ್ ಇದೆ.

ನಿಜವಾದ ತೂತು ಇರುವುದು ಲಿಸ್ಟ್‌ನಲ್ಲಿ. ವ್ಯವಹಾರಗಳ ಪಟ್ಟಿಯ ಫೀಲ್ಡ್‌ಗೆ ರೀಡ್‌ಓನ್ಲಿ ಹಾಕಿ, ಬರೀ ಗೆಟ್ ಕೊಟ್ಟಿದ್ದೀರಿ ಎನ್ನಿ. ಆ ಜಾಗದಲ್ಲಿ ಬೇರೆ ಲಿಸ್ಟ್ ತಂದು ಕೂರಿಸಲಾಗದು, ಸರಿ. ಆದರೆ ಇದೇ ಲಿಸ್ಟ್ ಮೇಲೆ ಯಾರು ಬೇಕಾದರೂ ಆ್ಯಡ್ ಕರೆಯಬಹುದು, ಕ್ಲಿಯರ್ ಕೂಡ ಕರೆಯಬಹುದು! ಸ್ಥಿರವಾಗಿರುವುದು ರೆಫರೆನ್ಸ್ (ಯಾವ ಲಿಸ್ಟ್ ಎಂಬ ಗುರುತು), ಒಳಗಿನ ಸರಕಲ್ಲ. ಪ್ರಾಪರ್ಟಿಯ ಟೈಪನ್ನು ಓದಲಷ್ಟೇ ಬಿಡುವ ಐರೀಡ್‌ಓನ್ಲಿಲಿಸ್ಟ್ ಮಾಡಿದರೂ ಕೊಡುತ್ತಿರುವುದು ಅದೇ ಲಿಸ್ಟ್ ಆದ್ದರಿಂದ ಕಾಸ್ಟ್ ಮಾಡಿ, ಅಂದರೆ ಮೂಲ ಟೈಪ್‌ಗೆ ತಿರುಗಿಸಿ, ಮತ್ತೆ ಬರೆಯಬಹುದು. ಆ್ಯಸ್‌ರೀಡ್‌ಓನ್ಲಿ ಮೆಥಡ್ ಕರೆದು ಹೊದಿಕೆಯನ್ನಷ್ಟೇ ಹೊರಗೆ ಕೊಡಿ. ಅದು ನಕಲಲ್ಲ, ಒಳಗಿನ ಲಿಸ್ಟ್ ಬದಲಾದರೆ ಅದರಲ್ಲೂ ಕಾಣುತ್ತದೆ. ಆ ಕ್ಷಣದ ಚಿತ್ರವೇ ಬೇಕೆಂದರೆ ಟುಅರೇ ಕರೆದು ನಕಲು ಕೊಡಿ. ಎರಡರಲ್ಲೂ ಪಟ್ಟಿಯೊಳಗಿನ ಒಂದೊಂದು ವ್ಯವಹಾರದ ಆಬ್ಜೆಕ್ಟ್ ತಿದ್ದುವಂತಿದ್ದರೆ ತಿದ್ದಿಯೇ ತಿದ್ದುತ್ತಾರೆ. ಆ ಕ್ಲಾಸ್‌ನ ಸೆಟ್‌ಗಳನ್ನೂ ತೆಗೆಯಬೇಕು.

ಗೆಟ್ ಒಳಗೆ ಫೀಲ್ಡ್ ಬದಲು ಪ್ರಾಪರ್ಟಿಯ ಹೆಸರನ್ನೇ ಬರೆದರೆ ಅದು ತನ್ನನ್ನೇ ಕರೆಯುತ್ತಾ ಹೋಗಿ ಸ್ಟ್ಯಾಕ್ ಓವರ್‌ಫ್ಲೋ (ಕರೆಗಳಿಗೆ ಮೀಸಲಾದ ಮೆಮೊರಿ ತುಂಬಿ ತುಳುಕುವುದು) ಆಗುತ್ತದೆ. ಎರರ್ ಹಿಡಿಯುವ ಟ್ರೈ-ಕ್ಯಾಚ್‌ಗೂ ಸಿಗದೆ ಇಡೀ ಪ್ರೋಗ್ರಾಂ ಬೀಳುತ್ತದೆ. ಫೀಲ್ಡ್ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕುವ ಹಳೆಯ ರೂಢಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಸೆಟ್ ಪ್ರೈವೇಟ್ ಮಾಡಿದ ಮೇಲೆ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆದಿಡುವ ರೂಪ) ಓದುವ ಕೋಡನ್ನೂ ಒಮ್ಮೆ ಓಡಿಸಿ ನೋಡಿ. ಅದನ್ನು ಓದುವ ಸಿಸ್ಟಮ್ ಟೆಕ್ಸ್ಟ್ ಜೇಸನ್ ಲೈಬ್ರರಿ ಪ್ರೈವೇಟ್ ಸೆಟ್ಟನ್ನು ತಾನಾಗಿ ಮುಟ್ಟುವುದಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಬ್ಯಾಲೆನ್ಸ್ ಮಾತ್ರ ಸೊನ್ನೆ. ಪ್ರಾಪರ್ಟಿ ಮೇಲೆ ಜೇಸನ್‌ಇನ್‌ಕ್ಲೂಡ್ ಆ್ಯಟ್ರಿಬ್ಯೂಟ್ ಹಾಕಿ, ಇಲ್ಲವೇ ಅದೇ ಹೆಸರಿನ ಪ್ಯಾರಾಮೀಟರ್ ಇರುವ ಕನ್‌ಸ್ಟ್ರಕ್ಟರ್ ಕೊಡಿ. ಎರಡನೆಯದು ಮೇಲು, ಏಕೆಂದರೆ ನಿಮ್ಮ ತಪಾಸಣೆ ಅಲ್ಲಿಯೂ ನಡೆಯುತ್ತದೆ.