ಸ್ಕೂಲ್ ಮ್ಯಾಗಜಿನ್ ಪೇಜು ಕಟ್ಟೋದು: ಮೊದ್ಲು ಮುಖ, ಆಮೇಲೆ ಡಿಸೈನು

ಸಂಕ್ರಾಂತಿ ದಾಟ್ತು ಅಂದ್ರೆ ದಾವಣಗೆರೆಲಿ ಡಿಟಿಪಿ ಮಾಡೋರಿಗೆ ಒಂದ್ಕಡೆ ಮದ್ವೆ ಕಾರ್ಡು, ಇನ್ನೊಂದ್ಕಡೆ ಸ್ಕೂಲ್ ಮ್ಯಾಗಜಿನ್ನು, ಉಸಿರಾಡಕ್ಕೂ ಪುರುಸೊತ್ತಿರಲ್ಲ. ಈ ಊರಲ್ಲಿ ಸ್ಕೂಲು ಕಾಲೇಜಿಗೆ ಬರ ಇಲ್ಲ ನೋಡ್ರಿ, ಹಂಗಾಗಿ ನಮ್ಗೂ ಕೆಲಸಕ್ಕೆ ಬರ ಇಲ್ಲ. ನಾನು ಪಿ.ಜೆ. ಬಡಾವಣೆ ಕಡೆ ಒಂದ್ ಪ್ರೆಸ್ಸಲ್ಲಿ ಪೇಜ್ ಕಟ್ಟೋನು. ಈ ವರ್ಷ ಹೊಸದಾಗಿ ಸೇರಿರೋ ಹುಡುಗ್ರು ಬಂದು ಬಂದು ಕೇಳೋದು ಒಂದೇ, "ಅಣ್ಣ, ಪೇಜು ಚೆಂದ ಕಾಣ್ಬೇಕಂದ್ರೆ ಯಾವ ಟೆಂಪ್ಲೇಟ್ ಹಾಕ್ಲಿ?" ಒಬ್ಬೊಬ್ಬರಿಗೂ ಹೇಳೋ ಬದ್ಲು ಇಲ್ಲಿ ಬರ್ದು ಹಾಕ್ತಿದೀನಿ.

ಟೆಂಪ್ಲೇಟ್ ಆಮೇಲೆ. ಈ ಪುಸ್ತಕ ಮನೆಗೆ ಹೋದ್ಮೇಲೆ ಏನಾಗುತ್ತೆ ಅಂತ ಮೊದ್ಲು ಯೋಚ್ನೆ ಮಾಡ್ರಿ. ಅಮ್ಮ, ಅಜ್ಜಿ, ತಂಗಿ ಎಲ್ಲಾ ಸುತ್ತ ಕೂತು "ನಮ್ಮ್ ಹುಡ್ಗ ಎಲ್ಲವ್ನೆ, ನಮ್ಮ್ ಹುಡ್ಗಿ ಎಲ್ಲವ್ಳೆ" ಅಂತ ಹಾಳೆ ತಿರುವ್ತಾರೆ. ಅಧ್ಯಕ್ಷರ ಶುಭ ಸಂದೇಶ ಓದೋದು ಅಧ್ಯಕ್ಷರ ಮನೆಯೋರು ಮಾತ್ರ (ಅದನ್ನೂ ಚೆನ್ನಾಗೇ ಹಾಕ್ಬೇಕು, ಬಿಲ್ ಪಾಸ್ ಮಾಡೋದು ಅವ್ರೇ). ಮಗುವಿನ ಮುಖ ಬೇಗ ಸಿಕ್ತಾ, ಸ್ಪಷ್ಟವಾಗಿ ಕಾಣ್ತಾ, ಕೆಳಗೆ ಹೆಸ್ರು ಸರಿ ಐತಾ, ಇಷ್ಟು ಆದ್ರೆ ಪೇಜು ಅರ್ಧ ಚೆಂದ ಆದಂಗೆ.

ಅದಕ್ಕೇ ನಾನು ಹೆಚ್ಚು ಟೈಮ್ ಕೊಡೋದು ಎಲ್ರೂ ಬೋರು ಅನ್ನೋ ಪೇಜಿಗೆ, ಅಂದ್ರೆ ಕ್ಲಾಸಿನ ಮಕ್ಕಳ ಒಂಟಿ ಫೋಟೋ ಪೇಜಿಗೆ. ಇಲ್ಲಿ ಹಾರ್ಟ್ ಶೇಪು, ನಕ್ಷತ್ರ, ಓರೆ ಫ್ರೇಮು ಯಾವ್ದೂ ಬೇಡ. ಒಂದೇ ಅಳತೆ ಚೌಕ, ಸಾಲಾಗಿ. ಆದ್ರೆ ಚೌಕ ಒಂದೇ ಅಳತೆ ಇಟ್ಟ ಮಾತ್ರಕ್ಕೆ ಆಗಲ್ಲ, ಯಾಕಂದ್ರೆ ಫೋಟೋದವ್ರು ಒಬ್ಬನ್ನ ಹತ್ರದಿಂದ ಇನ್ನೊಬ್ಬನ್ನ ದೂರದಿಂದ ತೆಗ್ದಿರ್ತಾರೆ, ಹಂಗೇ ಸುರಿದ್ರೆ ಒಂದ್ ತಲೆ ದೊಡ್ಡದು ಪಕ್ಕದ್ದು ಚಿಕ್ಕದು ಆಗಿ ಸಾಲೆಲ್ಲ ಕುಣಿದಂಗೆ ಕಾಣುತ್ತೆ. ನಾನು ಒಂದು ಗೈಡ್‌ಲೈನ್ ಎಳ್ಕೊಂಡು ಸಾಲಲ್ಲಿರೋ ಎಲ್ಲರ ಕಣ್ಣೂ ಅದೇ ಗೆರೆ ಮೇಲೆ ಬರೋ ಹಂಗೆ ಕೂರಿಸ್ತೀನಿ, ಗಲ್ಲದಿಂದ ನೆತ್ತಿವರೆಗೆ ಹೆಚ್ಚುಕಮ್ಮಿ ಒಂದೇ ಎತ್ತರ ಬರೋ ಹಂಗೆ ಕ್ರಾಪ್ ಮಾಡ್ತೀನಿ. ಇನ್ನೊಂದು, ಬಿಳಿ ಶರ್ಟಿನ ಯೂನಿಫಾರ್ಮು, ಹಿಂದೆ ಬಿಳಿ ಗೋಡೆ, ಕೆಳಗೆ ಬಿಳಿ ಪೇಪರ್ರು ಆದ್ರೆ ಭುಜ ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ. ಪೇಜಿಗೆ ತಿಳಿಯಾದ ಕ್ರೀಂ ಟಿಂಟ್ ಕೊಡ್ರಿ, ಇಲ್ಲಾ ಫೋಟೋ ಸುತ್ತ ಸಣ್ಣ ಗೆರೆ ಎಳೀರಿ.

ಹೆಸರಿನ ವಿಷಯದಲ್ಲಿ ನಾನು ವಾಟ್ಸಾಪ್ ಲಿಸ್ಟ್ ನಂಬಲ್ಲ. ಹಾಜರಿ ಪುಸ್ತಕದ ಜೆರಾಕ್ಸ್ ತರಿಸ್ಕೊಳ್ತೀನಿ, ಕ್ಲಾಸ್ ಟೀಚರ್ ಸಹಿ ಹಾಕಿಸಿ. ಆ ಜೆರಾಕ್ಸ್ ಇನ್ನೊಂದು ಕೆಲಸಕ್ಕೂ ಬರುತ್ತೆ. ಆಟ, ಡ್ಯಾನ್ಸು, ಪ್ರವಾಸ, ವಿಜ್ಞಾನ ಮೇಳ ಅಂತ ಬೇರೆ ಪೇಜಲ್ಲಿ ಫೋಟೋ ಹಾಕ್ತಾ ಹೋದಂಗೆ ಟೀಚರನ್ನ ಪಕ್ಕ ಕೂರಿಸ್ಕೊಂಡು ಅದ್ರಲ್ಲಿ ಯಾರ್ ಯಾರಿದಾರೆ ಅಂತ ಹೆಸರಿನ ಮುಂದೆ ಟಿಕ್ ಹಾಕ್ತಾ ಹೋಗ್ತೀವಿ. ಕೊನೆಗೆ ನೋಡಿದ್ರೆ ಡ್ಯಾನ್ಸ್ ಮಾಡೋ ನಾಲ್ಕು ಮಕ್ಕಳ ಮುಂದೆ ಟಿಕ್ಕೋ ಟಿಕ್ಕು, ಹಿಂದಿನ ಬೆಂಚಿನ ಅರ್ಧ ಸಾಲಿಗೆ ಒಂದೂ ಇಲ್ಲ. ಆಗ ಮೇಡಂಗೆ ಹೇಳ್ತೀನಿ, "ಮೇಡಂ, ನಾಳೆ ಲೈಬ್ರರಿಲೋ ಲ್ಯಾಬಲ್ಲೋ ಊಟದ ಟೈಮಲ್ಲೋ ಇವ್ರನ್ನ ಒಂದ್ನಾಲ್ಕು ಫೋಟೋ ತೆಗ್ದು ಕಳಿಸ್ರಿ" ಅಂತ. ಎಷ್ಟೋ ಸಲ ಇಡೀ ಪುಸ್ತಕದ ಒಳ್ಳೆ ಫೋಟೋ ಅದ್ರಲ್ಲೇ ಸಿಗುತ್ತೆ, ಯಾಕಂದ್ರೆ ಅಲ್ಲಿ ಯಾರೂ ಪೋಸ್ ಕೊಟ್ಟಿರಲ್ಲ.

ಕಳಿಸೋವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಕ್ಕೆ ಹೇಳ್ರಿ. ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದದ ಕಡೆಗೆ ಸುಮಾರು 1600 ಪಿಕ್ಸೆಲ್‌ಗೆ ಇಳಿದುಬಿಡುತ್ತೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಅದು ಐದೂಕಾಲು ಇಂಚಿಗೆ ಮುಗೀತು. ಎ4 ಪೇಜಿಗೆ ಪೂರ್ತಿ ಎಳೆದ್ರೆ ಮುಖ ಮಸುಕು ಮಸುಕು.

ಈಗ ಪ್ರೋಗ್ರಾಂ ಪೇಜುಗಳಿಗೆ ಬರೋಣ. ಇಲ್ಲಿ ಒಂದೇ ಅಳತೆ ಇಟ್ರೆ ಕೆಟ್ಟೋಯ್ತು. ಎದುರುಬದುರು ಎರಡು ಪೇಜನ್ನ ಒಂದೇ ಹಾಳೆ ಅನ್ಕೊಂಡು, ಅದಕ್ಕೆ ಒಂದೇ ಒಂದು ದೊಡ್ಡ ಫೋಟೋ ಮೊದ್ಲು ಆರಿಸ್ರಿ, ಬಾಕಿ ನಾಲ್ಕೈದು ಅದರ ಮುಂದೆ ಚಿಕ್ಕವಾಗ್ಲಿ. ಪ್ರವಾಸದ ಫೋಟೋ ಅಂದ್ರೆ ನಮ್ ಕಡೆ ಸ್ಕೂಲೋರು ಚಿತ್ರದುರ್ಗದ ಕೋಟೆಗೆ ಹೋಗೇ ಹೋಗಿರ್ತಾರೆ, ಕೋಟೆ ಬಾಗಿಲ ಮುಂದೆ ಅರವತ್ತು ಮಕ್ಕಳು ನಿಂತಿರೋ ಗ್ರೂಪ್ ಫೋಟೋ ಬಂದೇ ಬಂದಿರುತ್ತೆ. ಅದನ್ನ ದೊಡ್ಡದು ಮಾಡ್ಬೇಕು ಅಂತ ಎಲ್ರಿಗೂ ಅನ್ಸುತ್ತೆ. ನಾನು ಅದನ್ನ ಮಧ್ಯಮ ಅಳತೆಲಿ ಇಟ್ಟು, ಒನಕೆ ಓಬವ್ವನ ಕಿಂಡಿಯಿಂದ ಒಬ್ಬೊಬ್ರೇ ಬಗ್ಗಿ ಆಚೆ ಬರ್ತಿರೋ ಫೋಟೋನ ದೊಡ್ಡದು ಮಾಡ್ತೀನಿ. ಅದ್ರಲ್ಲಿ ಇರೋದು ಮೂರೇ ಮುಖ, ಆದ್ರೆ ಮೂರೂ ಮುಖದಲ್ಲಿ ನಗು ಐತಿ, ಜಾಗ ಯಾವ್ದು ಅಂತ ಯಾರೂ ಹೇಳೋದೇ ಬೇಡ. ಗ್ರೂಪ್ ಫೋಟೋ ಮಾತ್ರ ಎರಡು ಪೇಜಿನ ಮಧ್ಯೆ ಹಾಯಿಸ್ಬೇಡ್ರಿ, ಮಡಿಕೆಲಿ ಸಿಕ್ಕಿದ ಮಗುವಿನ ಮನೆಯೋರು ನಿಮ್ಮನ್ನ ಜನ್ಮ ಪೂರ್ತಿ ಕ್ಷಮಿಸಲ್ಲ.

ಮಡಿಕೆ ಅಂದಾಗ ಬಣ್ಣದ ಲೆಕ್ಕಾನೂ ಹೇಳ್ಬೇಕು. ಚಿಕ್ಕ ಸ್ಕೂಲುಗಳು ಖರ್ಚು ಉಳಿಸಕ್ಕೆ ಅರ್ಧ ಪೇಜು ಕಲರ್, ಅರ್ಧ ಬ್ಲ್ಯಾಕ್ ಅಂತಾರೆ. ಯಾವ ಪೇಜು ಬೇಕೋ ಅದು ಕಲರ್ ಆಗಲ್ಲ, ಯಾಕಂದ್ರೆ ಪ್ರೆಸ್ಸಲ್ಲಿ ದೊಡ್ಡ ಶೀಟಿಗೆ ಹಲವು ಪೇಜು ಒಟ್ಟಿಗೆ ಹೊಡೆದು ಆಮೇಲೆ ಮಡಚೋದು. 18×25 ಇಂಚಿನ ಶೀಟಿನ ಎರಡೂ ಕಡೆ ಸೇರಿ ಎಂಟು ಎ4 ಪೇಜು ಕೂರ್ತಾವೆ, ಒಂದು ಕಡೆ 1, 4, 5, 8, ಇನ್ನೊಂದು ಕಡೆ 2, 3, 6, 7. ಕಲರ್ ಒಂದು ಕಡೆಗೆ ಮಾತ್ರ ಅಂದ್ರೆ ಎರಡನೇ ಗುಂಪು ತಗೊಳ್ರಿ, 2-3 ಒಂದು ಜೋಡಿ, 6-7 ಒಂದು ಜೋಡಿ, ಎರಡು ಜೋಡಿ ಪೂರ್ತಿ ಬಣ್ಣದಲ್ಲಿ ಬರ್ತಾವೆ. ಮೊದಲ್ನೇ ಗುಂಪು ತಗೊಂಡ್ರೆ ಜೋಡಿ ಸಿಗೋದು 4-5 ಒಂದೇ. ಆದ್ರೆ ಮಧ್ಯಕ್ಕೆ ಪಿನ್ ಹೊಡೆಯೋ ಎಂಟು ಪೇಜಿನ ಫಾರಮ್ಮಿನಲ್ಲಿ (ಅಂದ್ರೆ ಹಂಗೆ ಮಡಚಿದ ಒಂದು ಶೀಟಲ್ಲಿ) 4-5 ಒಂದೇ ಹಾಳೆ, ಅಲ್ಲಿ ಫೋಟೋ ಹಾಯಿಸಿದ್ರೆ ಗೆರೆ ಕೂಡುತ್ತೆ. 2-3 ಬೇರೆ ಬೇರೆ ಹಾಳೆ, ಅಲ್ಲಿ ಹಾಯಿಸಿದ್ರೆ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಆಗೇ ಆಗುತ್ತೆ. ಇದು ಗೊತ್ತಿದ್ರೆ ಯಾವ ಪ್ರೋಗ್ರಾಂ ಎಲ್ಲಿ ಹಾಕ್ಬೇಕು ಅನ್ನೋದು ಕಂಪ್ಯೂಟರ್ ಆನ್ ಮಾಡೋ ಮುಂಚೆನೇ, ಒಂದು ಹಾಳೆ ಮಡಚಿ ನಂಬರ್ ಬರ್ದು ಡಮ್ಮಿ ಮಾಡೋವಾಗ್ಲೇ ಗೊತ್ತಾಗೋಗುತ್ತೆ.

ವಾರ್ಷಿಕೋತ್ಸವದ ಸ್ಟೇಜ್ ಫೋಟೋ ಈಗೀಗ ದೊಡ್ಡ ತಲೆನೋವು. ಎಲ್ಲಾ ಕಡೆ ಎಲ್‌ಇಡಿ ಲೈಟು, ಮಕ್ಕಳ ಮುಖ ನೇರಳೆ ಹಣ್ಣಿನ ಬಣ್ಣ. ಸ್ಕ್ರೀನಲ್ಲಿ ಮಿಂಚುತ್ತೆ, ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ) ಮಾಡಿದ್ರೆ ಮಂಕಾಗಿ ಕೂರುತ್ತೆ. ಕರೆಕ್ಷನ್ ಮಾಡಕ್ಕೆ ಹೋಗಿ ಟೈಮ್ ಕಳೀಬೇಡ್ರಿ, ಬ್ಲ್ಯಾಕ್ ಅಂಡ್ ವೈಟ್ ಪೇಜಿಗೆ ಅವನ್ನ ಕಳಿಸ್ರಿ, ಅಲ್ಲಿ ಚೆನ್ನಾಗೇ ಕಾಣ್ತಾವೆ.

ಇನ್ನು ಕನ್ನಡ ಬರಹದ ಪೇಜು, ಅಂದ್ರೆ ಮಕ್ಕಳ ಕವನ, ಕಥೆ, ಪ್ರಬಂಧ. ಇಂಗ್ಲಿಷ್ ಟೆಂಪ್ಲೇಟ್ ತಂದು ಅದ್ರಲ್ಲೇ ಕನ್ನಡ ಸುರಿಯೋದು ನಮ್ಮ ಹುಡುಗ್ರ ಕಾಯಿಲೆ. ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರಕ್ಕೆ 14 ಲೀಡಿಂಗ್ (ಸಾಲಿಂದ ಸಾಲಿಗೆ ಇರೋ ಅಂತರ) ಸಾಕು. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇಳೀಬೇಕು, ಮೇಲೆ ಗುಡಿಸು ಏಳ್ಬೇಕು, 17-18 ಆದ್ರೂ ಕೊಡ್ರಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತೆ. ಎ4ನಲ್ಲಿ ಮೂರು ಕಾಲಂ ಮಾಡಿ ಜಸ್ಟಿಫೈ (ಸಾಲಿನ ಎರಡೂ ಅಂಚು ಸಮ) ಹೊಡೀಬೇಡ್ರಿ, ನಮ್ ಪದಗಳು ಉದ್ದ, 'ವಿದ್ಯಾರ್ಥಿಗಳಿಗೋಸ್ಕರ' ಅನ್ನೋದು ಒಂದೇ ಅರ್ಧ ಕಾಲಂ ತಿನ್ನುತ್ತೆ, ಉಳಿದ ಪದಗಳ ಮಧ್ಯೆ ಬರೀ ತೂತು. ಎರಡೇ ಕಾಲಂ, ಎಡಕ್ಕೆ ಅಲೈನ್, ಸಾಕು. ಇನ್‌ಡಿಸೈನಲ್ಲಿ (ಪೇಜು ಕಟ್ಟೋ ಸಾಫ್ಟ್‌ವೇರು) ಮಾಡೋರು ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡ್ಕೊಳ್ರಿ, ಇಲ್ಲಾಂದ್ರೆ ಒತ್ತು ಬಿಡಿಬಿಡಿಯಾಗಿ ನಿಲ್ತಾವೆ. ಮೇಷ್ಟ್ರು ನುಡಿಲಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರು) ಹಳೆ ಫಾಂಟಲ್ಲಿ ಟೈಪ್ ಮಾಡಿ ಕೊಟ್ಟಿರ್ತಾರೆ, ಮಕ್ಕಳು ಮೊಬೈಲಲ್ಲಿ ಯೂನಿಕೋಡಲ್ಲಿ ಕಳಿಸಿರ್ತಾರೆ, ಎರಡನ್ನೂ ಯೂನಿಕೋಡಿಗೆ ತಂದು ಒಂದೇ ಫಾಂಟ್ ಕೊಡ್ರಿ, ಕನ್ವರ್ಟ್ ಆದ್ಮೇಲೆ ಅರ್ಕಾವತ್ತು ಇರೋ ಪದಗಳನ್ನ ಕಣ್ಣಾರೆ ನೋಡ್ರಿ. ಅಕ್ಷರ ಕರಿ ಬಣ್ಣ ಅಂದ್ರೆ ಬರೀ ಕೆ 100 (ಕರಿ ಶಾಯಿ ಒಂದೇ, ಪೂರ್ತಿ) ಇರ್ಲಿ, ನಾಲ್ಕೂ ಬಣ್ಣ ಸೇರಿದ ಕರಿ ಆದ್ರೆ ರಿಜಿಸ್ಟ್ರೇಷನ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರೋದು) ಕೂದಲೆಳೆ ಜರುಗಿದ್ರೂ ಅಕ್ಷರದ ಅಂಚಲ್ಲಿ ಬಣ್ಣ ಇಣುಕುತ್ತೆ. ಕವನದ ಹಿಂದೆ ಗುಲಾಬಿ ಹೂವಿನ ಫೋಟೋ ಹಾಕಿ ಅದರ ಮೇಲೆ ಹಳದಿ ಅಕ್ಷರ, ದಯವಿಟ್ಟು ಬೇಡ, ಬರೆದ ಮಗುನೇ ಓದಕ್ಕಾಗಲ್ಲ.

ಅಂಚಿಂದ ಆಚೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿದಾಗ ಬಿಳಿ ಅಂಚು ಕಾಣದಂಗೆ ಚಿತ್ರವನ್ನ ಆಚೆಗೆ ಚಾಚೋದು), ಒಳಗೆ ಪಿನ್ ಕಡೆ ಮಾರ್ಜಿನ್ ಸ್ವಲ್ಪ ಜಾಸ್ತಿ, ಪೇಜು ನಾಲ್ಕರ ಲೆಕ್ಕದಲ್ಲಿ, ಇವೆಲ್ಲ ಎಲ್ರಿಗೂ ಗೊತ್ತಿರೋದೇ, ಬಿಡ್ರಿ.

ಪ್ರೂಫನ್ನ ಪಿಡಿಎಫ್ ಮಾಡಿ ಮೊಬೈಲಿಗೆ ಕಳಿಸಿದ್ರೆ ಎಲ್ರೂ ಹೆಬ್ಬೆಟ್ಟು ಎತ್ತಿ ಸುಮ್ನಾಗ್ತಾರೆ, ಒಬ್ರೂ ಓದಿರಲ್ಲ. ಪ್ರಿಂಟ್ ತೆಗ್ದು ಸ್ಟಾಫ್ ರೂಮಲ್ಲಿ ಇಟ್ಟುಬರ್ರಿ, ಒಂದು ಕೆಂಪು ಪೆನ್ನೂ ಜೊತೆಗಿಡ್ರಿ. ಆಯಾ ಕ್ಲಾಸಿನ ಪೇಜನ್ನ ಆ ಕ್ಲಾಸಿನ ಮಕ್ಕಳ ಕೈಗೇ ಒಂದು ಪಿರಿಯಡ್ ಕೊಡಕ್ಕೆ ಹೇಳ್ರಿ, ಇನಿಷಿಯಲ್ ತಪ್ಪು, ಹೆಸ್ರು ಅದಲು ಬದಲು, ಅವ್ರು ಹಿಡಿದಷ್ಟು ಚೆನ್ನಾಗಿ ಯಾರೂ ಹಿಡಿಯಲ್ಲ. ಆಮೇಲೆ ಹೆಡ್‌ಮಾಸ್ಟರ್ ಸಹಿ. ಪ್ಲೇಟ್ (ಅಚ್ಚು ಹಾಕೋ ತಗಡು) ಆದ್ಮೇಲೆ "ಇನ್ನೊಬ್ರು ಅತಿಥಿ ಫೋಟೋ ಬಿಟ್ಟೋಗಿದೆ ಕಣ್ರಿ" ಅಂತ ಫೋನ್ ಬರುತ್ತೆ, ಗ್ಯಾರಂಟಿ ಬರುತ್ತೆ, ಅದರ ಖರ್ಚು ಯಾರ್ದು ಅಂತ ಸಹಿ ಮಾಡಿಸ್ಕೊಳ್ಳೋ ಹಾಳೆ ಮೇಲೇನೇ ಮುಂಚೆ ಬರ್ಕೊಂಡಿರ್ರಿ.