ಲ್ಯಾಬ್ ಮೂಲೆಯ ಬ್ರಿಡ್ಜ್ ಡಬ್ಬ

ನಮ್ಮ ಕಂಪ್ಯೂಟರ್ ಲ್ಯಾಬ್ ಅಂದ್ರೆ ನಂಗೆ ಮೊದಲು ನೆನಪಾಗೋದು ಒಂದು ಸದ್ದು. ಟೋಕನ್ ರಿಂಗ್ (ಮಷಿನ್‌ಗಳನ್ನ ಬಳೆ ತರ ಜೋಡಿಸೋ ಒಂದು ಹಳೇ ಬಗೆ ನೆಟ್‌ವರ್ಕ್) ಇದ್ದ ಸಾಲಲ್ಲಿ ಮಷಿನ್ ಆನ್ ಮಾಡಿ ಡ್ರೈವರ್ ಲೋಡ್ ಆದ ಕೂಡ್ಲೇ ಎಂಎಯು (ರಿಂಗಿನ ಕೇಬಲ್ಲೆಲ್ಲಾ ಬಂದು ಸೇರೋ ಡಬ್ಬ) ಒಳಗೆ ರಿಲೇ ಸ್ವಿಚ್ ಟಕ್ ಅನ್ನೋದು, ಅಂದ್ರೆ ಆ ಮಷಿನ್ ರಿಂಗಿಗೆ ಸೇರ್ಕೊಳ್ತು ಅಂತ. ಎದುರು ಸಾಲಲ್ಲಿ ಈಥರ್ನೆಟ್ ಅನ್ನೋ ಇನ್ನೊಂದು ಬಗೆ ನೆಟ್‌ವರ್ಕ್, ತೆಳು ಕೋಆಕ್ಸ್ ಕೇಬಲ್, ಪ್ರತಿ ಮಷಿನ್ ಹಿಂದೆ ಟಿ ಕನೆಕ್ಟರ್, ಎರಡೂ ತುದೀಲಿ 50 ಓಮ್ ಟರ್ಮಿನೇಟರ್, ಒಂದು ಕಿತ್ತು ಬಂದ್ರೂ ಇಡೀ ಸಾಲೇ ನಿಂತುಹೋಗ್ತಿತ್ತು. ಇವೆರಡರ ಮಧ್ಯೆ, ಒಂದರ ಡೇಟಾನ ಇನ್ನೊಂದಕ್ಕೆ ದಾಟಿಸೋಕೆ ಇದ್ದಿದ್ದೇ ಆ ಬ್ರಿಡ್ಜ್ ಡಬ್ಬ. ಐಬಿಎಂನವರ 8209 ಕೂಡ ಇದೇ ಕೆಲಸಕ್ಕೆ ಅಂತ ಬಂದಿದ್ದು.

ಒಂದು ಕಡೆ ವೈರು, ಇನ್ನೊಂದು ಕಡೆ ವೈರು, ಮಧ್ಯೆ ಜೋಡಿಸೋದು ಅಷ್ಟೇ ತಾನೇ ಅಂದ್ಕೊಂಡಿದ್ದೆ. ಸರ್ ಒಂದಿನ ಬೋರ್ಡ್ ಮೇಲೆ 08 ಅಂತ ಬರೆದು ಬಿಟ್ ಬಿಡಿಸಿ ಅಂದ್ರು. 00001000. ಈಗ ಹಿಂದುಮುಂದು ಮಾಡಿ ಅಂದ್ರು. 00010000, ಅಂದ್ರೆ ಹೆಕ್ಸಲ್ಲಿ (16ರ ಲೆಕ್ಕದಲ್ಲಿ) 10. ಈಥರ್ನೆಟ್ ಬೈಟಿನ ಕೊನೇ ಬಿಟ್ಟನ್ನ ಮೊದಲು ಕಳಿಸತ್ತೆ, ಟೋಕನ್ ರಿಂಗ್ ಮೊದಲನೇದನ್ನೇ ಮೊದಲು, ಅದಕ್ಕೇ ಐಬಿಎಂ ನೆಟ್‌ವರ್ಕ್ ಕಾರ್ಡಿನ ಅಡ್ರೆಸ್ ಈಥರ್ನೆಟ್ ಕಡೆ 08-00-5ಎ, ರಿಂಗ್ ಕಡೆ 10-00-5ಎ ಅಂತ ಶುರುವಾಗತ್ತೆ. 5ಎ ಯಾಕ್ ಬದಲಾಗ್ಲಿಲ್ಲ ಸರ್ ಅಂತ ಕೇಳ್ದೆ, ಬರೆದು ನೋಡಪ್ಪ ಅಂದ್ರು. 01011010, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ! ಆ ಖುಷಿ ಇವತ್ತಿಗೂ ಹಾಗೇ ಇದೆ. ಫ್ರೇಮಿನ (ವೈರಲ್ಲಿ ಹೋಗೋ ಡೇಟಾ ಕಟ್ಟಿನ) ತಲೇಲಿರೋ ಅಡ್ರೆಸ್ ತಿರುಗಿಸಿದ್ರೆ ಸಾಲದು, ಯಾವ ಐಪಿಗೆ ಯಾವ ಕಾರ್ಡ್ ಅಡ್ರೆಸ್ ಅಂತ ಕೇಳೋ ಎಆರ್‌ಪಿ ಪ್ಯಾಕೆಟ್ ಹೊಟ್ಟೇಲಿರೋದನ್ನೂ ಆ ಡಬ್ಬ ತಿರುಗಿಸ್ಬೇಕು, ಇಲ್ಲಾಂದ್ರೆ ಉತ್ತರ ಎಲ್ಲೂ ಇಲ್ಲದ ಅಡ್ರೆಸ್ಸಿಗೆ ಹೋಗತ್ತೆ.

ಫೈನಲ್ ಇಯರ್ ಪ್ರಾಜೆಕ್ಟ್ ಟೈಮಲ್ಲಿ ಒಂದು ವಾರ ಒದ್ದಾಡಿದ್ವಿ. ಪಿಂಗ್ ಹೋಗತ್ತೆ, ಲಾಗಿನ್ ಆಗತ್ತೆ, ಫೈಲ್ ಕಾಪಿ ಹಾಕಿದ್ರೆ ಅಲ್ಲೇ ನಿಲ್ಲತ್ತೆ. ಕೇಬಲ್ ಬದಲಾಯಿಸಿದ್ವಿ, ಕಾರ್ಡ್ ಬದಲಾಯಿಸಿದ್ವಿ, ಏನೂ ಆಗ್ಲಿಲ್ಲ. ಕೊನೆಗೆ ಸಿಕ್ಕಿದ್ದು ಸೈಜು. ಈಥರ್ನೆಟ್ ಫ್ರೇಮಲ್ಲಿ 1500 ಬೈಟ್ ಡೇಟಾ ಅಷ್ಟೇ ಹಿಡಿಯೋದು, ನಮ್ಮ ರಿಂಗ್ ಮಷಿನ್ನುಗಳು 4000ಕ್ಕಿಂತ ದೊಡ್ಡದು ಕಳಿಸ್ತಿದ್ವು. ರೌಟರ್ ಆಗಿದ್ರೆ ಐಪಿ ಪ್ಯಾಕೆಟ್ಟನ್ನ ತುಂಡು ಮಾಡ್ತಿತ್ತು, ಬ್ರಿಡ್ಜ್ ಹಾಗೆ ಮಾಡಲ್ಲ, ದೊಡ್ಡದು ಬಂದ್ರೆ ಸುಮ್ನೆ ಬಿಟ್ಟುಬಿಡತ್ತೆ, ಯಾರಿಗೂ ಹೇಳೋದೂ ಇಲ್ಲ. ರಿಂಗ್ ಕಡೆ ಎಲ್ಲಾ ಮಷಿನಲ್ಲೂ ಸೈಜನ್ನ 1500ಕ್ಕೆ ಇಳಿಸಿದ್ವಿ, ಅದೇ ಫೈಲು ಸರಾಗವಾಗಿ ದಾಟಿಹೋಯ್ತು. ಸರ್ ಏನೂ ಹೇಳ್ಲಿಲ್ಲ, ನನ್ನ ನೋಟ್‌ಬುಕ್ ಇಸ್ಕೊಂಡು 1500 ಅನ್ನೋದರ ಸುತ್ತ ಕೆಂಪು ಪೆನ್ನಲ್ಲಿ ಒಂದು ಸುತ್ತು ಹಾಕಿದ್ರು.

ಆಮೇಲೆ ಎಷ್ಟೋ ಕಡೆ ಕೆಲಸ ಮಾಡಿದೀನಿ. ಸಣ್ಣದು ಹೋಗತ್ತೆ ದೊಡ್ಡದು ಹೋಗಲ್ಲ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಈಗ್ಲೂ ಮೊದಲು ಕೇಳೋದು ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಅತಿ ದೊಡ್ಡ ಸೈಜು) ಎಷ್ಟಿದೆ ಅಂತಾನೇ.

ಜೂನಿಯರ್ಸ್‌ಗೆ ಒಂದು ಮಾತು. ಆ ಡಬ್ಬ ಇನ್ನೂ ಸ್ಟೋರ್ ರೂಮಲ್ಲಿದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ. ಒಂದು ಎಂಎಯು, ಎರಡು ಕಾರ್ಡ್ ಹುಡುಕಿ ಪವರ್ ಕೊಡಿ. ಕಾರ್ಡ್ ಸಿಗ್ಲಿಲ್ಲಾಂದ್ರೆ ಹೇಳಿ, ನನ್ನ ಹತ್ರ ಎರಡಿವೆ, ತಂದುಕೊಡ್ತೀನಿ.